27ನೇ ಹೋಲಿಗೆ ಡ್ರೈವರ್ ಬೇಡ: ನನ್ನ ಅನುಭವ

ಸಾಂಟಾ ಕ್ರೂಜ್‌ನ ಡಿಲವಿಯಾಗಾ ಡಿಸ್ಕ್ ಗಾಲ್ಫ್ ಕೋರ್ಸಿನ 27ನೇ ಹೋಲನ್ನು ಡ್ರೈವರ್ (ದೂರಕ್ಕೆ ಎಸೆಯುವ ವೇಗದ ಡಿಸ್ಕು) ಮುಟ್ಟದೆ ಮೂರು ಎಸೆತಕ್ಕೆ ಮುಗಿಸಬಹುದು. ಒಂದು ಸಲ ಅಲ್ಲ, ಹತ್ತರಲ್ಲಿ ಏಳು ಸಲ. ಇದನ್ನು ಹೇಳಿದಾಗ ನಮ್ಮ ಶನಿವಾರದ ಗುಂಪಿನಲ್ಲಿ ನಗದವರಿಲ್ಲ. ಸ್ಕೋರ್ ಕಾರ್ಡ್ ಬರೆಯುವವರು ಅವರೇ ಆದ್ದರಿಂದ ಈಗ ಯಾರೂ ನಗುತ್ತಿಲ್ಲ.

ಡಿಸ್ಕ್ ಗಾಲ್ಫ್ ಅಂದರೆ ಚೆಂಡಿನ ಬದಲು ಪ್ಲಾಸ್ಟಿಕ್ ಡಿಸ್ಕು ಎಸೆದು, ಆದಷ್ಟು ಕಡಿಮೆ ಎಸೆತದಲ್ಲಿ ಚೈನು ನೇತುಹಾಕಿದ ಬಾಸ್ಕೆಟ್ಟಿಗೆ ಹಾಕುವ ಆಟ. ಆ ಹೋಲಿನ ಹೆಸರು ಟಾಪ್ ಆಫ್ ದ ವರ್ಲ್ಡ್. ಆಡಿದವರಿಗೆ ವಿವರಿಸಬೇಕಿಲ್ಲ. ಟೀ, ಅಂದರೆ ಮೊದಲ ಎಸೆತದ ಜಾಗ, ಗುಡ್ಡದ ನೆತ್ತಿಯಲ್ಲಿ, ಬಾಸ್ಕೆಟ್ ಎಲ್ಲೋ ಕೆಳಗೆ, ಮಧ್ಯೆ ಇಳಿಜಾರು. ದೂರ 550 ಅಡಿಯ ಮೇಲೆಯೇ ಇದೆ. ಬೆಳಿಗ್ಗೆ ಮಂಜು ಕರಗಿದ ಮೇಲೆ ನಿಂತರೆ ಮಾಂಟೆರೇ ಕೊಲ್ಲಿ ಪೂರ್ತಿ ಕಾಣುತ್ತದೆ. ಎಡವಟ್ಟು ಅಲ್ಲೇ ಶುರು. ಅಷ್ಟು ಎತ್ತರ, ಅಷ್ಟು ಬಯಲು ಕಂಡ ಕೂಡಲೇ ಎಂಥವನ ಕೈಯೂ ಚೀಲದಲ್ಲಿರುವ ಅತಿ ವೇಗದ ಡಿಸ್ಕಿಗೆ ಹೋಗುತ್ತದೆ. ನನ್ನದೂ ಹೋಗುತ್ತಿತ್ತು. ಡೆಸ್ಟ್ರಾಯರ್ ಅನ್ನುವ ಡ್ರೈವರ್ ತೆಗೆಯುವುದು, ಮೂರು ಹೆಜ್ಜೆ ಓಡುವುದು, ಭುಜ ಕಿತ್ತು ಹೋಗುವ ಹಾಗೆ ಬೀಸುವುದು.

ಆಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಸಮತಟ್ಟು ನೆಲದಲ್ಲಿ ನನ್ನ ಡ್ರೈವರ್ ಕೊನೆಗೆ ಒಂದು 40-50 ಅಡಿ ಎಡಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ನೆಲ ಕೆಳಗೆ ಸರಿಯುತ್ತಾ ಹೋಗುವುದರಿಂದ ಡಿಸ್ಕಿಗೆ ಗಾಳಿಯಲ್ಲಿ ಇನ್ನೂ ಮೂರ್ನಾಲ್ಕು ಸೆಕೆಂಡ್ ಜಾಸ್ತಿ. ಆ ಹೊತ್ತೆಲ್ಲ ಅದು ಎಡಕ್ಕೆ ಎಳೆಯುತ್ತಲೇ ಇರುತ್ತದೆ. 50 ಅಡಿ ಇದ್ದದ್ದು 120, 150 ಆಗುತ್ತದೆ. ಡಿಸ್ಕಿನ ಮೂಗು, ಅಂದರೆ ಮುಂದಿನ ಅಂಚು, ಸ್ವಲ್ಪ ಮೇಲೆದ್ದಿತ್ತೋ, ಕೇಳಲೇಬೇಡಿ. ಡಿಸ್ಕು ಮೇಲಕ್ಕೆ ಏರಿ, ನಿಂತು, ಅಲ್ಲಿಂದ ಸೀದಾ ಪೊದೆಗೆ.

ಮೊದಲ ವರ್ಷ ಬರೀ ಈ ಒಂದು ಕೋರ್ಸಿನಲ್ಲಿ ನಾನು ಕಳೆದುಕೊಂಡ ಡಿಸ್ಕುಗಳ ಬೆಲೆ ಹತ್ತಿರತ್ತಿರ 400 ಡಾಲರ್ ಇರಬೇಕು. ಒಳ್ಳೆ ಪ್ಲಾಸ್ಟಿಕ್ಕಿನ ಡ್ರೈವರಿಗೆ 18ರಿಂದ 20 ಡಾಲರ್, ಲೆಕ್ಕ ಹಾಕಿಕೊಳ್ಳಿ. ಇದರ ಮೇಲೆ ಸ್ಯಾನ್ ಹೊಸೆಯಿಂದ ಹೈವೇ 17ರಲ್ಲಿ ಹೋಗಿ ಬರುವ ಪೆಟ್ರೋಲು. ನನ್ನ ಹೆಂಡತಿ ಒಂದು ಸಲ ಕ್ರೆಡಿಟ್ ಕಾರ್ಡ್ ಬಿಲ್ ನೋಡಿ, "ರೀ, ದುಡ್ಡು ಬಿಸಾಕೋಕೆ ಗುಡ್ಡ ಯಾಕೆ ಹತ್ತಬೇಕು? ಇಲ್ಲೇ ಬಾಲ್ಕನಿಯಿಂದ ಎಸೀರಿ" ಅಂದಳು. ಉತ್ತರ ಇರಲಿಲ್ಲ.

ಡಿಸ್ಕು ಹುಡುಕಲು ಹೋದರೆ ಪಾಯ್ಸನ್ ಓಕ್, ತಾಗಿದರೆ ಚರ್ಮವೆಲ್ಲ ತುರಿಸಿ ಗುಳ್ಳೆ ಏಳಿಸುವ ಗಿಡ. ಡಿಲವಿಯಾಗಾದ ಹಳ್ಳಕೊಳ್ಳಗಳಲ್ಲಿ ಇದು ಯಥೇಚ್ಛ. ಒಂದು ತೊಟ್ಟಿಗೆ ಮೂರು ಎಲೆ, ಹೊಸ ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಬೇಸಿಗೆ ಕಳೆಯುತ್ತಾ ಕೆಂಪಾಗುತ್ತದೆ. ಇದು ನಮ್ಮ ಮಾವು, ಗೋಡಂಬಿಯ ಕುಟುಂಬದ್ದೇ ಗಿಡ. ಮಾವಿನಕಾಯಿ ಸೊನೆ ತಾಗಿ ಬಾಯಿ ಸುತ್ತ ಹುಣ್ಣಾದವರಿಗೆ ಇದರ ಗುಣ ಅರ್ಥವಾಗುತ್ತದೆ, ಅದಕ್ಕಿಂತ ಹತ್ತು ಪಟ್ಟು ಅಂದುಕೊಳ್ಳಿ. ಹೊಸಬರಿಗೆ ತಿಳಿಯದ ವಿಷಯ ಇನ್ನೊಂದಿದೆ. ಗಿಡ ಮುಟ್ಟಬೇಕಂತಿಲ್ಲ, ಅದರ ಎಣ್ಣೆ ಡಿಸ್ಕಿನ ಅಂಚಿಗೆ ಅಂಟಿಕೊಂಡು ಮನೆಗೆ ಬರುತ್ತದೆ. ಕಾರಿನ ಸೀಟಿಗೆ, ಟವೆಲ್ಲಿಗೆ, ಮಗುವಿನ ಕೈಗೆ. ನಾನು ಡಿಕ್ಕಿಯಲ್ಲಿ ಪಾತ್ರೆ ತೊಳೆಯುವ ಸೋಪು, ಎರಡು ಬಾಟಲಿ ತಣ್ಣೀರು ಇಟ್ಟಿರುತ್ತೇನೆ. ಪೊದೆಯಿಂದ ಬಂದ ಡಿಸ್ಕು ಅಲ್ಲೇ ಸ್ನಾನ ಮಾಡಿಯೇ ಚೀಲ ಸೇರಬೇಕು.

ಈಗ ವಿಧಾನಕ್ಕೆ ಬರುತ್ತೇನೆ. ಒಂದು ದಿನ ಬೇಜಾರಿನಲ್ಲಿ ಲೆಕ್ಕ ಹಾಕಿದೆ. 27ರಲ್ಲಿ ನನ್ನ ಸರಾಸರಿ ಐದು. ಕೆಟ್ಟ ದಿನ ಆರು, ಏಳು. ಮೂರು ಬೇಕಾದರೆ ಎರಡನೇ ಎಸೆತ ಬಾಸ್ಕೆಟ್ಟಿನಿಂದ 20 ಅಡಿ ಒಳಗೆ ಬೀಳಬೇಕು. ಅಷ್ಟಕ್ಕೆ ಮೊದಲನೇ ಎಸೆತ 550 ಅಡಿ ಹೋಗಬೇಕಾಗಿಲ್ಲವಲ್ಲ! 350-380 ಹೋಗಿ, ಬಯಲಿನ ಮಧ್ಯದಲ್ಲಿ ಕೂತರೆ ಸಾಕು. ನನ್ನ ಮಿಡ್‌ರೇಂಜ್ (ಡ್ರೈವರಿಗಿಂತ ನಿಧಾನದ, ನೇರ ಹೋಗುವ ಡಿಸ್ಕು) ಸಮತಟ್ಟಿನಲ್ಲಿ 270 ಅಡಿ ಹೋಗುತ್ತದೆ. ಇಳಿಜಾರು ಉಳಿದ ನೂರು ಅಡಿಯನ್ನು ಪುಕ್ಕಟೆ ಕೊಡುತ್ತದೆ.

ಹಾಗಾಗಿ ಬಝ್ ಅನ್ನುವ ಆ ಮಿಡ್‌ರೇಂಜ್ ತೆಗೆದೆ. 177 ಗ್ರಾಂ ಆಸುಪಾಸಿನದು, ಹೆಚ್ಚು ಸವೆಯದೇ ಇರುವುದು. ಓಟ ಇಲ್ಲ, ಒಂದೇ ಹೆಜ್ಜೆ. ಎದೆ ಎತ್ತರಕ್ಕಿಂತ ಮೇಲೆ ಡಿಸ್ಕು ಹೋಗಬಾರದು. ಇಳಿಜಾರಿಗೆ ಭುಜದ ಗೆರೆಯನ್ನೇ ಬಗ್ಗಿಸಬೇಕು. ಬರೀ ಮಣಿಕಟ್ಟು ಬಗ್ಗಿಸಿದರೆ ಮೂಗು ಮೇಲೇಳುತ್ತದೆ. ನಾನು ಎಡಗಾಲಿನ ಹಿಮ್ಮಡಿಗೆ, ಅಂದರೆ ಹಿಂದಿರುವ ಕಾಲಿಗೆ, ಎಷ್ಟು ಭಾರ ಬಿಡುತ್ತೇನೆ ಮತ್ತು ಕೆಳಗೆ ಯಾವ ಮರಕ್ಕೆ ಗುರಿ ಇಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಬಂದು ಜೊತೆಗೆ ಆಡಿ, ಕಾಫಿ ಕೊಡಿಸಿ, ತೋರಿಸುತ್ತೇನೆ.

ಮೊದಲ ಸಲ ಟೀ ಮೇಲೆ ಬಝ್ ಹಿಡಿದು ನಿಂತಾಗ ಹುಬ್ಬಳ್ಳಿ ಕಡೆಯ ಗೆಳೆಯ, "ಲೇ, ಗುಡ್ಡದ ತುದೀಗೆ ಬಂದು ಇದನ್ನ ಒಗೀತಿ ಏನಲೇ?" ಅಂದ. ಇನ್ನೊಬ್ಬ ವಿಡಿಯೊ ಮಾಡಲು ಮೊಬೈಲ್ ತೆಗೆದ. ಆ ದಿನ ನಾಲ್ಕು ಬಂತು, ಮೂರಲ್ಲ. ಬಝ್ ಬೇಕಾದಲ್ಲೇ ಕೂತಿತು, ಕೆಡಿಸಿದ್ದು ಎರಡನೇ ಎಸೆತ.

ಹೆಚ್ಚು ತಿಂಗಳು ತಿಂದಿದ್ದು ಈ ಎರಡನೇ ಎಸೆತವೇ. ಬೇಸಿಗೆಯಲ್ಲಿ ಡಿಲವಿಯಾಗಾದ ನೆಲ ಒಣಗಿ ಕಲ್ಲಾಗಿರುತ್ತದೆ. 180-200 ಅಡಿಯಿಂದ ಮಾಮೂಲಿ ಪಟ್ಟರ್ (ಹತ್ತಿರದ ಎಸೆತಕ್ಕೆ ಬಳಸುವ ನಿಧಾನದ ಡಿಸ್ಕು) ಎಸೆದರೆ ಅದು ತೇಲಿಕೊಂಡು ಹೋಗಿ ಅಂಚಿನ ಮೇಲೆ ಬಿದ್ದು, ಉರುಳಿ, ಇನ್ನೂ 60 ಅಡಿ ಕೆಳಗೆ. ಏವಿಯಾರ್ ಅನ್ನುವ ಪಟ್ಟರ್ ಪ್ರಯತ್ನಿಸಿದೆ, ಮೆತ್ತನೆ ಪ್ಲಾಸ್ಟಿಕ್ಕಿನದು, ಗಟ್ಟಿಯದು ಎರಡೂ. ಮೆತ್ತನೆಯದು ಕಡಿಮೆ ಉರುಳುತ್ತದೆ ಅನ್ನುವುದು ನಿಜ, ಆದರೆ ಸಾಕಾಗುವಷ್ಟಲ್ಲ. ಕೊನೆಗೆ ಕಾಸ್ಟಾಪ್ಲಾಸ್ಟ್‌ನವರ ಬರ್ಗ್ ಅನ್ನುವ ಪಟ್ಟರ್ ಕೊಂಡೆ. ಅದು ತೇಲುವುದೇ ಇಲ್ಲ. ಎಲ್ಲಿಗೆ ಎಸೆದೆನೋ ಅಲ್ಲಿಗೆ ಹೋಗಿ ದೊಪ್ಪನೆ ಬಿದ್ದು ಕೂರುತ್ತದೆ, ಕೋಪಗೊಂಡ ಎಮ್ಮೆ ಕೂತ ಹಾಗೆ. ಸ್ವಲ್ಪ ಜೋರಾಗಿ ಎಸೆಯಬೇಕು ಅಷ್ಟೇ. ಎರಡು ಬರ್ಗ್ ಚೀಲದಲ್ಲಿವೆ, ಎರಡೂ ಸೇರಿ 40 ಡಾಲರ್ ಒಳಗೆ. ಇಷ್ಟು ವರ್ಷದಲ್ಲಿ ಒಂದೂ ಕಳೆದಿಲ್ಲ.

ಪಟ್, ಅಂದರೆ ಬಾಸ್ಕೆಟ್ಟಿಗೆ ಹಾಕುವ ಕೊನೆಯ ಎಸೆತ, ಅದರಲ್ಲೂ ನನ್ನದೊಂದು ಹಟ ಇದೆ. ಬಾಸ್ಕೆಟ್ಟಿನ ಹಿಂದೆ ಇಳಿಜಾರಿದ್ದರೆ 25 ಅಡಿಯಾಚೆಯಿಂದ ನಾನು ಚೈನಿಗೆ ಹೊಡೆಯುವುದಿಲ್ಲ. ಬಾಸ್ಕೆಟ್ ಬುಡಕ್ಕೆ ಹಾಕಿ, ನಡೆದು ಹೋಗಿ, ಒಳಗಿಟ್ಟು ಬರುತ್ತೇನೆ. ಹೇಡಿ ಅಂತ ಕರೆಸಿಕೊಂಡಿದ್ದೇನೆ. ಹಾಗೆ ಕರೆದವರು ಆ ಹಳ್ಳಕ್ಕೆ ಇಳಿದು ಡಿಸ್ಕು ಹುಡುಕುವಾಗ ಮೇಲೆ ನಿಂತು ನೀರು ಕುಡಿದಿದ್ದೇನೆ.

ಹೀಗೆ ಒಂದು ಸೀಸನ್ ಮುಗಿಯುವಷ್ಟರಲ್ಲಿ 27ರ ಸರಾಸರಿ ಮೂರೂಕಾಲಿನ ಆಸುಪಾಸಿಗೆ ಬಂತು. ಎರಡು ಬಂದಿದ್ದು ಸೊನ್ನೆ ಸಲ, ಅದನ್ನೂ ಹೇಳಬೇಕು. ಡ್ರೈವರಿನವರಿಗೆ ವರ್ಷಕ್ಕೊಮ್ಮೆ ಎರಡು ಬರುತ್ತದೆ, ಆರು ತಿಂಗಳು ಅದರ ಬಗ್ಗೆ ಮಾತಾಡುತ್ತಾರೆ. ನಡುವೆ ಬಂದ ಐದು, ಆರುಗಳ ಬಗ್ಗೆ ಮಾತಿಲ್ಲ.

ಇದರ ನಡುವೆ ಮಾಡಿದ ಅಡ್ಡ ಪ್ರಯೋಗಗಳು ಬೇಕಾದಷ್ಟು. 150 ಗ್ರಾಮಿನ ಹಗುರ ಡಿಸ್ಕು ತಂದೆ, ಸುಲಭವಾಗಿ ದೂರ ಹೋಗುತ್ತದಂತೆ ಅಂತ. ಸಮುದ್ರದ ಗಾಳಿ ಎದುರು ಸಿಕ್ಕಿದ ತಕ್ಷಣ ಬಲಕ್ಕೆ ಮಗುಚಿಕೊಂಡು ಹೋಯಿತು, ವಾಪಸ್ ಬರಲಿಲ್ಲ. 17 ಡಾಲರ್. ಬಿಸಿಲಿಗೆ ಕಾರಿನಲ್ಲಿ ಬಿಟ್ಟು ಸೊಟ್ಟಗಾದ ಡಿಸ್ಕನ್ನು ಅನ್ನ ಮಾಡುವ ಪಾತ್ರೆಯಲ್ಲಿ ಬಿಸಿನೀರಿಗೆ ಅದ್ದಿ, ಸಪಾಟು ಮೇಜಿನ ಮೇಲೆ ಒತ್ತಿಟ್ಟು ಸರಿ ಮಾಡಿದ್ದೇನೆ. ಡಿಸ್ಕು ಸರಿಹೋಯಿತು, ಪಾತ್ರೆ ವಿಷಯದಲ್ಲಿ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು.

ಬಣ್ಣದ್ದು ನಿಜಕ್ಕೂ ಕೆಲಸಕ್ಕೆ ಬಂದ ಪ್ರಯೋಗ. ಕ್ಯಾಲಿಫೋರ್ನಿಯಾದಲ್ಲಿ ಮೇ ಕಳೆದ ಮೇಲೆ ಹುಲ್ಲೆಲ್ಲ ಬಂಗಾರದ ಬಣ್ಣ. ಹಳದಿ ಡಿಸ್ಕು ಕಣ್ಣೆದುರೇ ಮಾಯ. ಕಿತ್ತಳೆ ಬಣ್ಣದ್ದು ಓಕ್ ಮರದ ಒಣ ಎಲೆಯಲ್ಲಿ ಮಾಯ. ಹಸಿರಿನದಂತೂ ಚಳಿಗಾಲದ ಮಳೆ ಬಿದ್ದ ಮೇಲೆ ಹೋದ ಹಾಗೇ. ಬಿಳಿ ಡಿಸ್ಕು ತಂದು, ಶೇವಿಂಗ್ ಫೋಮಿನ ಮೇಲೆ ಬಟ್ಟೆ ಬಣ್ಣ ಹರಡಿ, ರಾತ್ರಿಯಿಡೀ ಮಕಾಡೆ ಮಲಗಿಸಿಟ್ಟೆ. ಬೆಳಿಗ್ಗೆ ಜಾತ್ರೆ ಬಳೆಯಂಗಡಿಯ ಗುಲಾಬಿ. ಇದು 200 ಅಡಿಯಿಂದಲೂ ಕಾಣುತ್ತದೆ. ಅಂಗಡಿಯಲ್ಲೇ ಗುಲಾಬಿ ಡಿಸ್ಕು ಸಿಗುತ್ತದೆ ಅನ್ನುತ್ತೀರಾ? ಸಿಗುತ್ತದೆ. ಇಷ್ಟು ಗಾಢವಾದದ್ದು ಸಿಗುವುದಿಲ್ಲ.

ಬೇರೆ ಹೋಲುಗಳಿಗೂ ಈ ಕಣ್ಣಲ್ಲೇ ನೋಡುವ ಅಭ್ಯಾಸ ಬಂತು. ದೂರದ ಹೋಲು ನೆನಪಿನಲ್ಲಿ ಉಳಿಯುವುದಿಲ್ಲ, ಡಿಸ್ಕು ತೆಗೆಯುವ ಮುಂಚೆ ಕೈ ತಡೆಯುವ ಹೋಲು ಉಳಿಯುತ್ತದೆ. ಸೌತ್ ಕೆರೊಲಿನಾದ ವಿಂತ್ರಾಪ್ ಗೋಲ್ಡ್ ಕೋರ್ಸಿನ 17ನೇ ಹೋಲು ನೋಡಿ. 250 ಅಡಿ ಕೂಡ ಇಲ್ಲ. ನಮ್ಮ ಗುಂಪಿನ ಯಾರು ಬೇಕಾದರೂ ಅಷ್ಟು ದೂರ ಎಸೆಯಬಲ್ಲರು. ಆದರೆ ಗ್ರೀನ್, ಅಂದರೆ ಬಾಸ್ಕೆಟ್ ಇರುವ ಜಾಗ, ಅದರ ಸುತ್ತ ಹುಲ್ಲಿನ ಪೆಂಡಿಗಳ ಗೋಡೆ, ಅದರೊಳಗೆ ಬೀಳದಿದ್ದರೆ ದಂಡ. ಯು.ಎಸ್. ಚಾಂಪಿಯನ್‌ಶಿಪ್ ಆಡುವ ಘಟಾನುಘಟಿಗಳು ಅಲ್ಲಿ ಒಂದರ ಮೇಲೊಂದು ಎಸೆದು ಸ್ಕೋರು ಕೆಡಿಸಿಕೊಳ್ಳುವುದನ್ನು ವಿಡಿಯೊದಲ್ಲಿ ನೋಡುವುದೇ ಒಂದು ಸುಖ.

2021ರ ವಿಶ್ವ ಚಾಂಪಿಯನ್‌ಶಿಪ್ಪಿನ ಕೊನೆಯ ಹೋಲು ಯೂಟಾದ ಆಗ್ಡನ್‌ನಲ್ಲಿ. ಜೇಮ್ಸ್ ಕಾನ್ರಾಡ್ 247 ಅಡಿಯಿಂದ ನೇರ ಚೈನಿಗೆ ಹಾಕಿ ಪಾಲ್ ಮೆಕ್‌ಬೆತ್ ಜೊತೆ ಸಮ ಮಾಡಿಕೊಂಡು, ಪ್ಲೇಆಫ್‌ನಲ್ಲಿ ಗೆದ್ದ. ಎಲ್ಲರೂ ಆ ಎಸೆತ ನೋಡುತ್ತಾರೆ. ನಾನು ಗೆಳೆಯರಿಗೆ ತೋರಿಸುವುದು ಕೈಯಲ್ಲಿದ್ದ ಡಿಸ್ಕು. ಅದು ಡ್ರೈವರ್ ಅಲ್ಲ, ಪಟ್ಟರ್! ವಾದ ಅಲ್ಲಿಗೆ ನಿಲ್ಲುತ್ತದೆ.

ಲಾಸ್ ಏಂಜಲೀಸ್ ಕಡೆ ಹೋದಾಗ ಓಕ್ ಗ್ರೋವ್‌ನಲ್ಲೂ ಆಡಿದ್ದೇನೆ. 1975ರಲ್ಲಿ ಶುರುವಾದ ಮೊಟ್ಟಮೊದಲ ಕಾಯಂ ಕೋರ್ಸ್, ಪಕ್ಕದಲ್ಲೇ ನಾಸಾದವರ ಜೆಪಿಎಲ್ ಪ್ರಯೋಗಾಲಯ. ಅದನ್ನು ಮಾಡಿದ ಎಡ್ ಹೆಡ್ರಿಕ್ ಅವರೇ ಚೈನು ನೇತುಹಾಕಿದ ಬಾಸ್ಕೆಟ್ ಕಂಡುಹಿಡಿದದ್ದು, ಪೇಟೆಂಟ್ 1977ರದ್ದು. 2002ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನೇ ಮಾಡಿದರು. ಅಲ್ಲಿನ ಹೋಲುಗಳು ಇವತ್ತಿನ ಲೆಕ್ಕಕ್ಕೆ ಚಿಕ್ಕವು, ಓಕ್ ಮರಗಳ ಕೆಳಗೆ. ಪೂರ್ತಿ ಸುತ್ತು ಪಟ್ಟರಿನಲ್ಲೇ ಆಡಿದೆ. ಪಕ್ಕದಲ್ಲಿ ಒಬ್ಬ ಹುಡುಗ ಪ್ರತಿ ಟೀಯಲ್ಲೂ ಡ್ರೈವರ್ ಬೀಸಿ ಕೊಂಬೆಗೆ ಹೊಡೆಯುತ್ತಿದ್ದ. ಅರ್ಧ ಸುತ್ತಿನ ನಂತರ ಅವನೇ ಬಂದು "ನಿಮ್ಮದು ಯಾವ ಡಿಸ್ಕು?" ಅಂತ ಕೇಳಿದ.

ಡಿಲವಿಯಾಗಾವನ್ನು 1984ರಲ್ಲಿ ಟಾಮ್ ಶಾಟ್ ರೂಪಿಸಿದಾಗ 12-13 ಸ್ಪೀಡಿನ, ಅಂದರೆ ಇವತ್ತಿನ ಅತಿ ವೇಗದ, ಡ್ರೈವರುಗಳೇ ಇರಲಿಲ್ಲ ಅನ್ನುವುದನ್ನೂ ನೆನಪಿಡಿ. ಆ ಕೋರ್ಸಿನ ಹಳ್ಳ, ತಿರುವು, ಮರಗಳ ಸಂದಿ ಎಲ್ಲವೂ ನಿಧಾನದ ಡಿಸ್ಕಿಗೆ ಹೊಂದುವಂತಿವೆ. 27ರಲ್ಲಿ ಕಲಿತದ್ದನ್ನು ಉಳಿದ ಹೋಲುಗಳಿಗೂ ಹಚ್ಚಿದೆ. ಪೂರ್ತಿ ಸುತ್ತಿನಲ್ಲಿ ಮೊದಲು ಪಾರ್ (ನಿಗದಿತ ಎಸೆತಗಳ ಲೆಕ್ಕ) ಮೇಲೆ 20ರ ಹತ್ತಿರ ಇರುತ್ತಿತ್ತು, ಈಗ ಏಳೆಂಟು. ಚೀಲದಲ್ಲಿ ಹದಿನೆಂಟು ಡಿಸ್ಕು ಹೊರುತ್ತಿದ್ದವನು ಏಳಕ್ಕೆ ಇಳಿದಿದ್ದೇನೆ. ಬೆನ್ನುನೋವೂ ಕಮ್ಮಿ.

ಒಂದು ಕಡೆ ಮಾತ್ರ ಈ ವಿಧಾನ ಕೈಕೊಡುತ್ತದೆ. ವಸಂತದ ಮಧ್ಯಾಹ್ನ, ಎರಡು ಗಂಟೆ ದಾಟಿದ ಮೇಲೆ, ಕೊಲ್ಲಿಯಿಂದ ಗಾಳಿ ಏರಿಕೊಂಡು ಬರುತ್ತದೆ. ಆಗ ಬಝ್ ಟೀ ಮೇಲೆ ಬೇಡ, ಗಾಳಿಗೆ ಮಗುಚುತ್ತದೆ. ಅಂಥ ದಿನ 175 ಗ್ರಾಮಿನ ಫೈರ್‌ಬರ್ಡ್ ಡಿಸ್ಕು ತೆಗೆದು ಫೋರ್‌ಹ್ಯಾಂಡಿನಲ್ಲಿ (ಅಂಗೈ ಮುಂದೆ ಮಾಡಿ) ಕೆಳಮಟ್ಟದಲ್ಲಿ ಎಸೆಯುತ್ತೇನೆ. 300 ದಾಟಿದರೆ ಸಾಕು ಅಂದುಕೊಂಡು ನಾಲ್ಕಕ್ಕೆ ತೃಪ್ತಿಪಡುತ್ತೇನೆ. ಫೈರ್‌ಬರ್ಡ್ ಕೂಡ ಡ್ರೈವರೇ ಅಲ್ವಾ ಅಂತ ಹುಬ್ಬಳ್ಳಿಯವನು ತಗಾದೆ ತೆಗೆದಿದ್ದಾನೆ. ಅದು ಫೇರ್‌ವೇ ಡ್ರೈವರ್, ವೇಗ ಕಡಿಮೆಯದು, ಲೆಕ್ಕಕ್ಕಿಲ್ಲ.