ಸ್ಲೊವೇನಿಯಾದಲ್ಲಿ ನಿಧಾನದ ತಿರುಗಾಟ: ಅಕ್ಕನೊಂದಿಗೆ ನಾನು ಮಾಡಿಕೊಂಡ ಏರ್ಪಾಡು

ಪ್ರವಾಸದಲ್ಲಿ ಮನುಷ್ಯನನ್ನು ಹಣ್ಣಾಗಿಸುವುದು ನಡಿಗೆಯಲ್ಲ, ದಿನಬೆಳಗಾದರೆ ಗಂಟುಮೂಟೆ ಕಟ್ಟಿ ಇನ್ನೊಂದು ಊರಿಗೆ ಓಡುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅರವತ್ತು ದಾಟಿದ ನನ್ನ ಅಕ್ಕ, "ನಾನೂ ಒಂದು ಸಲ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ನೋಡಿ ಬರಬೇಕು ಕಣೋ, ಆದರೆ ನನ್ನ ಮಂಡಿಯ ಸ್ಥಿತಿ ನಿನಗೆ ಗೊತ್ತೇ ಇದೆ" ಎಂದಾಗ ನಾನು ಹುಡುಕಿದ್ದು ಎರಡೇ ಗುಣಗಳುಳ್ಳ ದೇಶವನ್ನು: ಅದು ಚಿಕ್ಕದಾಗಿರಬೇಕು, ಮತ್ತು ಒಂದು ಹಳ್ಳಿಯಲ್ಲಿ ತಂಗಿದರೆ ಸುತ್ತಲಿನ ಕಾಡು, ನೀರು, ಬೆಟ್ಟಗಳೆಲ್ಲ ಕಾಲ್ನಡಿಗೆಯ ಅಳತೆಯಲ್ಲಿ ಸಿಗಬೇಕು. ಮಧ್ಯ ಯುರೋಪಿನ ಸ್ಲೊವೇನಿಯಾ ಹೀಗೆ ಆಯ್ಕೆಯಾಯಿತು. ಒಟ್ಟು ವಿಸ್ತೀರ್ಣ 20,273 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಹತ್ತರಲ್ಲೊಂದು ಪಾಲು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಡು. ಆಲ್ಪ್ಸ್ ಪರ್ವತಗಳು, ಸುಣ್ಣಕಲ್ಲಿನ ಗುಹೆಗಳು ಮತ್ತು ಏಡ್ರಿಯಾಟಿಕ್ ಸಮುದ್ರದ ಒಂದು ತುಣುಕು ದಂಡೆ ಇಷ್ಟರೊಳಗೇ ಇವೆ.

ವೀಸಾದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸ್ಲೊವೇನಿಯಾ 2007ರಲ್ಲೇ ಯೂರೋ ನಾಣ್ಯವನ್ನು ಒಪ್ಪಿಕೊಂಡು, ಅದೇ ವರ್ಷದ ಡಿಸೆಂಬರಿನಲ್ಲಿ ಷೆಂಗೆನ್ ವಲಯಕ್ಕೂ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿಗೂ, ಸೇರಿದೆ. ಹೆಚ್ಚು ದಿನ ಯಾವ ದೇಶದಲ್ಲಿ ಕಳೆಯುತ್ತೇವೆಯೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಬೇಕು, ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಸಲ್ಲಿಸಬಹುದು. ಒಂದೇ ವೀಸಾ ಇಡೀ ವಲಯಕ್ಕೆ ನಡೆಯುವುದರಿಂದ ನಾವು ಬೆಂಗಳೂರಿನಿಂದ ಮ್ಯೂನಿಕ್‌ಗೆ ಹಾರಿ, ಅಲ್ಲಿಂದ ಸಾಲ್ಝ್‌ಬರ್ಗ್, ವಿಲಾಖ್ ಮಾರ್ಗವಾಗಿ ರೈಲಿನಲ್ಲಿ ಒಳಹೊಕ್ಕು, ಮರಳುವಾಗ ವೆನಿಸ್‌ನಿಂದ ವಿಮಾನ ಹತ್ತಿದೆವು. ಬಂದ ದಾರಿಯನ್ನೇ ತಿರುಗಿ ತುಳಿಯುವ ದಣಿವು ಇದರಿಂದ ತಪ್ಪುತ್ತದೆ.

ಚೀಲದ ತೂಕದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ನನ್ನದು 40 ಲೀಟರಿನ ಚೀಲ, ತುಂಬಿದಾಗ 8 ಕಿಲೋ ಮೀರಕೂಡದು. ಅಕ್ಕನದು 5 ಕಿಲೋ. ಬೇಗ ಒಣಗುವ ಮೂರು ಜೊತೆ ಬಟ್ಟೆ, ಮಳೆಯಂಗಿ, ತೆಳು ಉಣ್ಣೆಯ ಸ್ವೆಟರು, ಮಲಗಲು ಒಂದು ತೆಳುವಾದ ಬಟ್ಟೆಯ ಚೀಲ, ಮಡಚಿ ಇಡಬಹುದಾದ ನಡಿಗೆಕೋಲುಗಳು. ಇಳಿಜಾರಿನಲ್ಲಿ ಮಂಡಿಯ ಮೇಲೆ ಬೀಳುವ ಭಾರವನ್ನು ಈ ಕೋಲುಗಳು ತೋಳಿಗೂ ಹಂಚುತ್ತವೆ. ವಯಸ್ಸಾದವರು ಇವನ್ನು ಬಿಟ್ಟು ಹೋಗಲೇಬಾರದು. ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಒಯ್ದೆವು. ತುಪ್ಪ, ಪೇಡಾ ಮುಂತಾದ ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಬರುವವರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲವಾದ್ದರಿಂದ ಅವನ್ನು ಮನೆಯಲ್ಲೇ ಬಿಟ್ಟೆವು. ನೀರಿನ ಬಾಟಲಿ ಕೊಳ್ಳುವ ಪ್ರಮೇಯವೇ ಬರಲಿಲ್ಲ. ಅಲ್ಲಿ ನಲ್ಲಿಯ ನೀರು ಕುಡಿಯಲು ಯೋಗ್ಯ. ಕುಡಿಯುವ ನೀರಿನ ಹಕ್ಕನ್ನು ಆ ದೇಶ 2016ರಲ್ಲಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ. ಈ ಸಂಗತಿ ತಿಳಿದಾಗ ನನಗೆ ಆ ದೇಶದ ಮೇಲೆ ಗೌರವ ಹೆಚ್ಚಿತು.

ತಂಗಲು ನಾವು ಆರಿಸಿಕೊಂಡದ್ದು ಬೋಹಿನ್ ಸರೋವರದ ಬಳಿಯ ಸ್ತಾರಾ ಫೂಝಿನಾ ಎಂಬ ಹಳ್ಳಿಯನ್ನು, ಆಮೇಲೆ ಸೋಚಾ ನದಿಯ ಕಣಿವೆಯ ಕೊಬಾರಿದ್ ಎಂಬ ಪಟ್ಟಣವನ್ನು. ಚಿತ್ರಗಳಲ್ಲಿ ಎಲ್ಲರೂ ಕಂಡಿರುವ ಬ್ಲೆಡ್ ಸರೋವರ, ಅದರ ನಡುವಿನ ದ್ವೀಪ, ಚರ್ಚಿಗೆ ಏರುವ 99 ಮೆಟ್ಟಿಲುಗಳು ನಿಜಕ್ಕೂ ಸುಂದರ, ಆದರೆ ಬೇಸಿಗೆಯಲ್ಲಿ ಅಲ್ಲಿ ಜನಜಂಗುಳಿ. ಅದಕ್ಕೆ ಅರ್ಧ ದಿನ ಕೊಟ್ಟು ಮುಂದೆ ಸಾಗಿದೆವು. ರಾಜಧಾನಿ ಲುಬ್ಲಿಯಾನಾವನ್ನೂ ಹಾಗೆಯೇ ನೋಡಿದೆವು. ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್ ರೂಪ ಕೊಟ್ಟ ಮೂರು ಸೇತುವೆಗಳ ಗುಚ್ಛವನ್ನೂ ನದಿದಂಡೆಯ ಮಾರುಕಟ್ಟೆಯನ್ನೂ ಒಂದು ಮಧ್ಯಾಹ್ನದಲ್ಲಿ ಆರಾಮವಾಗಿ ಸುತ್ತಬಹುದು.

ಬೋಹಿನ್ ಆ ದೇಶದ ಅತಿ ದೊಡ್ಡ ಶಾಶ್ವತ ನೈಸರ್ಗಿಕ ಸರೋವರ. ಉದ್ದ 4 ಕಿಲೋಮೀಟರಿಗೆ ತುಸು ಹೆಚ್ಚು, ಆಳ 45 ಮೀಟರ್. ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗೆ ಇರುವುದರಿಂದ ದಂಡೆಯ ಸುತ್ತ ಹೋಟೆಲುಗಳ ಸಾಲಿಲ್ಲ. ಪ್ರವಾಸಿಗಳ ದೋಣಿ ಕೂಡ ವಿದ್ಯುತ್ತಿನಿಂದ, ಸದ್ದಿಲ್ಲದೆ ನಡೆಯುವಂಥದು. ಸರೋವರಕ್ಕೆ ಒಂದು ಸುತ್ತು ಬಂದರೆ ಸುಮಾರು 12 ಕಿಲೋಮೀಟರ್ ಆಗುತ್ತದೆ. ನಾವು ರಿಬ್ಚೆವ್ ಲಾಜ್ ತುದಿಯಿಂದ ಉತ್ತರ ದಂಡೆಯ ಬೀಚ್ ಮರಗಳ ನೆರಳಿನಲ್ಲಿ ಉಕಾಂತ್ಸ್ ತನಕ ನಡೆದು, ಬರುವಾಗ ಆ ದೋಣಿಯಲ್ಲಿ ಕುಳಿತು ಬಂದೆವು. ಅಕ್ಕನ ಮಂಡಿಗೂ ನನ್ನ ಕಣ್ಣಿಗೂ ಈ ಹಂಚಿಕೆ ಹಿಡಿಸಿತು. ಇನ್ನೊಂದು ಬೆಳಿಗ್ಗೆ ಸಾವಿತ್ಸಾ ಜಲಪಾತಕ್ಕೆ ಹೋದೆವು. ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ ಮೇಲೆ ಕಾಣುವುದು ಬೆಟ್ಟದ ನೆತ್ತಿಯಿಂದ ಹರಿದು ಬರುವ ಹೊಳೆಯಲ್ಲ. ಸುಣ್ಣಕಲ್ಲಿನ ಒಳಗೇ ಇಳಿದು ಬಂದ ನೀರು ನೇರವಾಗಿ ಬಂಡೆಯ ಗೋಡೆಯಿಂದ ಹೊರಚಿಮ್ಮಿ 78 ಮೀಟರ್ ಕೆಳಗೆ ಧುಮುಕುತ್ತದೆ.

ನಮ್ಮ ದಿನಚರಿ ಸರಳವಾಗಿತ್ತು. ಜೂನ್ ತಿಂಗಳಲ್ಲಿ ಆಲ್ಪ್ಸ್ ತಪ್ಪಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಮಳೆ ಬರುವುದು ಸಾಮಾನ್ಯ, ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಆದ್ದರಿಂದ ಬೆಳಗಿನ ಏಳಕ್ಕೆ ಹೊರಟು ಹನ್ನೆರಡರೊಳಗೆ ನಡಿಗೆ ಮುಗಿಸುವುದು, ಊಟವಾದ ಮೇಲೆ ಮಲಗುವುದು ಅಥವಾ ಓದುವುದು, ಮಳೆ ನಿಂತ ಮೇಲೆ ಸಂಜೆಯ ದೀರ್ಘ ಬೆಳಕಿನಲ್ಲಿ ನೀರಿನ ಬಳಿ ಕೂರುವುದು. ಮಧ್ಯಾಹ್ನವನ್ನು ಖಾಲಿ ಬಿಡುವುದೆಂದರೆ ಖರ್ಚುಮಾಡಿದ ಹಣಕ್ಕೆ ನಷ್ಟ ಎಂದು ಭಾವಿಸುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಹತ್ತಿರದ ಸ್ತೂದೊರ್ ಹಳ್ಳಿಯಲ್ಲಿ ಹುಲ್ಲು ಒಣಗಿಸಲು ಕಟ್ಟಿದ ಮರದ ಚೌಕಟ್ಟುಗಳಿವೆ, ಅವರು ಕೊಝೋಲೆತ್ಸ್ ಎನ್ನುತ್ತಾರೆ. ಎರಡು ಸಾಲು ಕಂಬಗಳ ಮೇಲೆ ಸೂರು ಹೊದಿಸಿ, ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿಗಳನ್ನು ಹಾಕಿ, ಕೊಯ್ದ ಹುಲ್ಲನ್ನು ಗಾಳಿಯಾಡುವಂತೆ ಅವುಗಳ ಮೇಲೆ ಹೇರುತ್ತಾರೆ. ಮಳೆ ಹೆಚ್ಚಿರುವ ಸೀಮೆಯಲ್ಲಿ ಹುಲ್ಲು ನೆಲದ ಮೇಲೆ ಕೊಳೆಯದಿರಲಿ ಎಂದು ಕಂಡುಕೊಂಡ ಉಪಾಯ ಅದು. ಹುಟ್ಟಿನಿಂದ ಹುಲ್ಲಿನ ಬಣವೆಗಳ ನಡುವೆ ಬೆಳೆದ ಅಕ್ಕ ಆ ಸಾಲಿನ ಮುಂದೆ ಒಂದು ಗಂಟೆ ನಿಂತಳು.

ಎತ್ತರದ ಹುಲ್ಲುಗಾವಲನ್ನು ನೋಡದೆ ಬರಬಾರದೆಂದು ಒಂದು ರಾತ್ರಿ ಪ್ಲಾನಿನಾ ಪ್ರಿ ಯೇಜೆರುವಿನಲ್ಲಿ ಚಾರಣಿಗರು ತಂಗುವ ಬೆಟ್ಟದ ಮನೆಯಲ್ಲಿ ಉಳಿದೆವು. ಅದು 1,453 ಮೀಟರ್ ಎತ್ತರದಲ್ಲಿದೆ. ಪ್ಲಾನಿನಾ ಬ್ಲಾತೊ ತನಕ ಹಳ್ಳಿಯ ಟ್ಯಾಕ್ಸಿಯಲ್ಲಿ ಹೋದ ಕಾರಣ ಹತ್ತಬೇಕಾದ್ದು ಸುಮಾರು 300 ಮೀಟರ್ ಮಾತ್ರ. ದಾರಿಯುದ್ದಕ್ಕೂ ಮರ, ಬಂಡೆಗಳ ಮೇಲೆ ಕೆಂಪು ಬಳೆಯೊಳಗೆ ಬಿಳಿ ಬೊಟ್ಟಿನ ಗುರುತು ಇರುತ್ತದೆ, ಕೈಮರಗಳ ಮೇಲೆ ದೂರದ ಬದಲು ನಡೆಯಲು ಬೇಕಾಗುವ ಹೊತ್ತನ್ನು ಬರೆದಿರುತ್ತಾರೆ. ಆ ಹೊತ್ತು ಅಲ್ಲಿನ ಬೆಟ್ಟದ ಜನರ ಕಾಲಿಗೆ ಸರಿಹೊಂದುವುದು. ನಾವು ಅದಕ್ಕೆ ಅರ್ಧದಷ್ಟು ಸೇರಿಸಿಕೊಂಡು ಲೆಕ್ಕ ಹಾಕುತ್ತಿದ್ದೆವು. ಮನೆಯ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಅವರೇ ಇಟ್ಟಿರುವ ಚಪ್ಪಲಿ ಹಾಕಿಕೊಳ್ಳಬೇಕು, ಸಾಮೂಹಿಕ ಕೋಣೆಯಲ್ಲಿ ಸ್ವಂತ ಬಟ್ಟೆಯ ಚೀಲದೊಳಗೆ ಮಲಗಬೇಕು, ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಬಯಲಿನಲ್ಲಿ ಸ್ವಂತ ಡೇರೆ ಹಾಕಲು ಕಾನೂನಿನ ಅನುಮತಿ ಇಲ್ಲ.

ಊಟದ ಬಗ್ಗೆ ಸಸ್ಯಾಹಾರಿಗಳು ಹೆಚ್ಚು ಚಿಂತಿಸುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಬೆಟ್ಟದ ಮನೆಯಲ್ಲಿ ಝ್ಗಾಂತ್ಸಿ ಎಂಬ ಅಡುಗೆಯನ್ನು ಮಾಡುವುದನ್ನು ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಉತ್ತರ ಭಾರತದವರು ಉಪವಾಸದಂದು ತಿನ್ನುವ ಕುಟ್ಟುವಿನ (ಬಕ್‌ವೀಟ್) ಹಿಟ್ಟನ್ನು ಕುದಿಯುವ ಉಪ್ಪುನೀರಿಗೆ ಒಂದೇ ರಾಶಿಯಾಗಿ ಸುರಿದು, ಕಲಕದೆ ಹಾಗೆಯೇ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮರದ ಸೌಟಿನ ಹಿಡಿಯಿಂದ ರಾಶಿಯ ನಡುವೆ ತೂತು ಮಾಡಿ, ನೀರು ಆ ತೂತಿನಲ್ಲಿ ಕುದ್ದು ಉಕ್ಕುವಂತೆ ಬೇಯಿಸಿದರು. "ಇದು ನಮ್ಮ ಮುದ್ದೆ ಬೇಯಿಸುವ ಹದವೇ" ಎಂದು ಅಕ್ಕ ನನ್ನನ್ನು ಕೂಗಿ ಕರೆದಳು. ಕೊನೆಗೆ ಅವರು ಹೆಚ್ಚಿನ ನೀರನ್ನು ಬಸಿದು, ಉಂಡೆ ಕಟ್ಟುವ ಬದಲು ಮುಳ್ಳುಚಮಚದಿಂದ ಉದುರುದುರಾಗಿ ಕೆದರಿದರು. ಜೊತೆಗೆ ಕೊಟ್ಟದ್ದು ಕಿಸ್ಲೊ ಮ್ಲೇಕೊ, ಅಂದರೆ ಮೇಲೆ ಹಳದಿ ಕೆನೆ ಕಟ್ಟಿದ, ಅಲುಗದಷ್ಟು ಗಟ್ಟಿಯಾದ ಹುಳಿಹಾಲು. ಇದರ ಮೇಲೆ ಸಾಮಾನ್ಯವಾಗಿ ಹಂದಿಕೊಬ್ಬಿನ ಚೂರುಗಳನ್ನು ಉದುರಿಸುವುದರಿಂದ, ಮೊದಲೇ "ಬ್ರೆಜ್ ಮೇಸಾ", ಮಾಂಸ ಬೇಡ, ಎಂದು ಹೇಳಿಬಿಡಬೇಕು. ಚೀಸ್ ತುಂಬಿ ಸುರುಳಿ ಸುತ್ತಿ ಬೇಯಿಸಿದ ಶ್ಟ್ರುಕ್ಲಿಯೂ ಹೊಟ್ಟೆ ತುಂಬಿಸುತ್ತದೆ. ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವಾಗ ಕರುವಿನ ಜಠರದ ರಸ ಬಳಸುವುದುಂಟು, ಕಟ್ಟುನಿಟ್ಟಾದವರು ವಿಚಾರಿಸಿಕೊಳ್ಳಬೇಕು. ಉಳಿದ ದಿನಗಳಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನ, ಸಾರು, ಪಲ್ಯ ಮಾಡಿಕೊಂಡೆವು. ಅಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ತರಕಾರಿ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಬೋಹಿನ್‌ನಿಂದ ಸೋಚಾ ಕಣಿವೆಗೆ ಹೋಗಲು 1,611 ಮೀಟರ್ ಎತ್ತರದ, 50 ತಿರುವುಗಳ ವ್ರ್‌ಶಿಚ್ ಘಟ್ಟದ ದಾರಿಯನ್ನು ಎಲ್ಲರೂ ಹೊಗಳುತ್ತಾರೆ. ಬಸ್ಸಿನಲ್ಲಿ ತಲೆಸುತ್ತುವವರಿಗೆ ನಾನು ಹೇಳುವುದು ರೈಲನ್ನೇ. ಬೋಹಿನ್ಸ್ಕಾ ಬಿಸ್ತ್ರಿತ್ಸಾ ನಿಲ್ದಾಣ ಬಿಟ್ಟೊಡನೆ ರೈಲು 6,327 ಮೀಟರ್ ಉದ್ದದ ಸುರಂಗಕ್ಕೆ ನುಗ್ಗುತ್ತದೆ. ಈ ಕಡೆ ಬಿದ್ದ ಮಳೆ ಸಾವಾ, ಡ್ಯಾನ್ಯೂಬ್ ನದಿಗಳ ಮೂಲಕ ಕಪ್ಪು ಸಮುದ್ರಕ್ಕೆ ಹೋಗುತ್ತದೆ, ಸುರಂಗದಾಚೆ ಬಿದ್ದದ್ದು ಸೋಚಾ ನದಿಯ ಮೂಲಕ ಏಡ್ರಿಯಾಟಿಕ್‌ಗೆ. ಮೋಸ್ತ್ ನಾ ಸೋಚಿಯಲ್ಲಿ ಇಳಿದು ಬಸ್ಸು ಹಿಡಿದರೆ ಕೊಬಾರಿದ್.

ಸೋಚಾದ ನೀರಿನ ಪಚ್ಚೆ ಬಣ್ಣವನ್ನು ಚಿತ್ರದಲ್ಲಿ ಕಂಡವರು ಯಾರೋ ಬಣ್ಣ ತಿದ್ದಿದ್ದಾರೆಂದು ಅನುಮಾನಿಸುವುದುಂಟು. ಕಣ್ಣಾರೆ ನೋಡಿದರೂ ಅದು ಹಾಗೆಯೇ ಇದೆ. ಬೇಸಿಗೆಯಲ್ಲೂ ಆ ನೀರು ಪಾದ ಮರಗಟ್ಟುವಷ್ಟು ತಣ್ಣಗಿರುತ್ತದೆ. ಕೊಬಾರಿದ್‌ನಿಂದ ಹೊರಟು ಮರಳಿ ಅಲ್ಲಿಗೇ ಬರುವ ಸುಮಾರು 5 ಕಿಲೋಮೀಟರ್ ಐತಿಹಾಸಿಕ ಹಾದಿಯನ್ನು ನಾವು ಒಂದು ದಿನವಿಡೀ ನಡೆದೆವು. ತೂಗುಸೇತುವೆ, ಬಂಡೆಗಳ ಸಂದಿನಲ್ಲಿ ಅಡಗಿರುವ ಕೊಜ್ಯಾಕ್ ಜಲಪಾತ, ಮೊದಲ ಮಹಾಯುದ್ಧದ ಕಂದಕಗಳು ಒಂದರ ಹಿಂದೊಂದು ಬರುತ್ತವೆ. 1915ರಿಂದ 1917ರ ತನಕ ಈ ನದಿಯ ದಂಡೆಯಲ್ಲಿ ಇಟಲಿಗೂ ಆಸ್ಟ್ರಿಯಾ-ಹಂಗೆರಿಗೂ ಹನ್ನೆರಡು ಕದನಗಳಾದವು. ಕೊನೆಯದು 1917ರ ಅಕ್ಟೋಬರ್ 24ರಂದು ಆರಂಭವಾಗಿ ಇಟಲಿಯ ಸೇನೆ ಮುರಿದುಬಿತ್ತು. ಊರಿನ ಮೇಲಿನ ದಿಣ್ಣೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಇಟಲಿಯ ಸೈನಿಕರ ಅಸ್ಥಿಗಳನ್ನಿಟ್ಟ ಸ್ಮಾರಕವಿದೆ. ವಿಶ್ರಾಂತಿಯ ಪ್ರವಾಸದಲ್ಲಿ ಇಂಥ ಜಾಗ ಏಕೆ ಎಂದು ಕೇಳುವವರಿಗೆ, ಊರಿನ ಯುದ್ಧ ಸಂಗ್ರಹಾಲಯಕ್ಕೆ ಮೊದಲು ಹೋಗಿ, ಆಮೇಲೆ ಆ ನದಿಯನ್ನು ನೋಡಿ ಎನ್ನುತ್ತೇನೆ. ನಿಧಾನವಾಗಿ ಉಳಿದವರಿಗಷ್ಟೇ ಎರಡಕ್ಕೂ ಸಮಯವಿರುತ್ತದೆ.

ಬೋಹಿನ್‌ನಿಂದ ನಮ್ಮನ್ನು ತಂದ ಅದೇ ರೈಲುಮಾರ್ಗ ಮುಂದೆ ಸೊಲ್ಕಾನ್‌ನಲ್ಲಿ ನದಿಯನ್ನು ದಾಟುತ್ತದೆ. ಅಲ್ಲಿನ 85 ಮೀಟರ್ ಹರವಿನ ಕಲ್ಲಿನ ಕಮಾನು ಜಗತ್ತಿನ ರೈಲ್ವೆ ಸೇತುವೆಗಳ ಕಲ್ಲುಕಮಾನುಗಳಲ್ಲೇ ದೊಡ್ಡದು. 1906ರಲ್ಲಿ ಸಂಚಾರಕ್ಕೆ ತೆರೆದದ್ದನ್ನು 1916ರಲ್ಲಿ ಹಿಮ್ಮೆಟ್ಟುತ್ತಿದ್ದ ಆಸ್ಟ್ರಿಯಾದ ಸೇನೆ ಸ್ಫೋಟಿಸಿತು, ಯುದ್ಧ ಮುಗಿದ ಮೇಲೆ ಇಟಲಿ ಮತ್ತೆ ಕಟ್ಟಿತು. ರೈಲಿನೊಳಗೆ ಕುಳಿತವರಿಗೆ ಕಮಾನು ಕಾಣುವುದಿಲ್ಲ. ನೋವಾ ಗೊರಿತ್ಸಾದಲ್ಲಿ ಇಳಿದು, ನದಿದಂಡೆಯ ಹಾದಿಯಲ್ಲಿ ಹಿಂದಕ್ಕೆ ನಡೆದು ನೋಡಬೇಕು. ನಾವು ಹಾಗೆಯೇ ಮಾಡಿದೆವು. ನೋವಾ ಗೊರಿತ್ಸಾ ನಿಲ್ದಾಣದ ಮುಂದಿನ ಚೌಕದ ನಡುವೆಯೇ ಇಟಲಿಯ ಗಡಿಗೆರೆ ಹಾದುಹೋಗುತ್ತದೆ. ಚೌಕ ದಾಟಿ ಗೊರಿತ್ಸಿಯಾದ ನಿಲ್ದಾಣಕ್ಕೆ ಹೋಗಿ ವೆನಿಸ್ ರೈಲು ಹಿಡಿಯಬಹುದು. ವಿಮಾನ ಬೆಳಿಗ್ಗೆ ಇದ್ದರೆ ಮಾತ್ರ ಹಿಂದಿನ ರಾತ್ರಿ ವೆನಿಸ್ ವಿಮಾನ ನಿಲ್ದಾಣದ ಬಳಿ ಉಳಿಯುವುದು ಲೇಸು.