ಗೇಟಿನಲ್ಲಿ ಎಂಜಿನ್ ತಾನೇ ಬಂದ್ ಆಗುತ್ತಿಲ್ಲವೇ? ಬ್ಯಾಟರಿಯಿಂದ ಶುರು ಮಾಡಿ

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಹಾಕಿದರೆಂದರೆ ಗಾಡಿ ಅಲ್ಲೇ ನಿಲ್ಲಬೇಕು. ಗೇರು ನ್ಯೂಟ್ರಲ್‌ಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದರೆ ಎಂಜಿನ್ ತಾನೇ ಬಂದ್ ಆಗಿ, ಕ್ಲಚ್ ಒತ್ತಿದ ಕೂಡಲೇ ಚಾಲೂ ಆಗುವುದು ಸ್ಟಾಪ್-ಸ್ಟಾರ್ಟ್ ಇರುವ ಪೆಟ್ರೋಲ್ ಕಾರಿನ ರೀತಿ. ಆಟೋಮ್ಯಾಟಿಕ್ ಆದರೆ ಇದೇ ಕೆಲಸ ಬ್ರೇಕ್ ಪೆಡಲಿನದು. ಹೊಸದರಲ್ಲಿ ಚೆನ್ನಾಗಿ ನಡೆಯುವ ಈ ವ್ಯವಸ್ಥೆ ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ಕೆಲಸ ಬಿಡುತ್ತದೆ. ಪೀಡೆ ತೊಲಗಿತು ಎನ್ನುವವರೂ ಇದ್ದಾರೆ. ಹಾಗೆ ಬಿಡಬೇಡಿ. ಬ್ಯಾಟರಿ ಸೋಲುತ್ತಿದೆ ಎಂದು ಗಾಡಿ ಕೊಡುವ ಮೊದಲ ಸುಳಿವು ಬಹುತೇಕ ಇದೇ, ಅದೂ ಸೆಲ್ಫ್ ಕೈಕೊಡುವುದಕ್ಕೆ ಸಾಕಷ್ಟು ಮುಂಚೆ.

ಹಾಗಂತ ಎಂಜಿನ್ ನಿಲ್ಲದಿದ್ದಾಗಲೆಲ್ಲ ದೋಷವೇ ಇದೆ ಎಂದಲ್ಲ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ, ಬಿಸಿಲಲ್ಲಿ ನಿಂತ ಗಾಡಿಗೆ ಎಸಿ ಹಾಕಿ ಗಾಂಧಿ ಚೌಕ್‌ಗೆ ಬಂದರೆ ಎಂಜಿನ್ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕಂಪ್ರೆಸರ್ ಅದರ ಬೆಲ್ಟಿನಿಂದಲೇ ತಿರುಗಬೇಕು. ಎಂಜಿನ್ ಇನ್ನೂ ಬಿಸಿಯಾಗದಿದ್ದರೆ, ಸೀಟ್ ಬೆಲ್ಟ್ ಹಾಕದಿದ್ದರೆ, ಬಾಗಿಲು ಸರಿಯಾಗಿ ಬೀಳದಿದ್ದರೆ, ಬಾನೆಟ್ ಲಾಕ್ ಆಗದಿದ್ದರೆ, ಗಾಜಿನ ಮಂಜು ತೆಗೆಯುವ ಡಿಫಾಗರ್ ಚಾಲೂ ಇದ್ದರೆ ಕೂಡ ಹೆಚ್ಚಿನ ಗಾಡಿಗಳಲ್ಲಿ ಅದು ಒಪ್ಪುವುದಿಲ್ಲ. ನಿಂತಲ್ಲೇ ಬ್ರೇಕನ್ನು ನಾಲ್ಕೈದು ಸಲ ಒತ್ತಿದರೆ ಬ್ರೇಕ್ ಹಗುರವಾಗಿಸುವ ಬೂಸ್ಟರಿನ ವ್ಯಾಕ್ಯೂಮ್ ಇಳಿದು, ಬಂದ್ ಆದ ಎಂಜಿನ್ ತಾನೇ ಚಾಲೂ ಆಗುತ್ತದೆ. ಕ್ಲಚ್ ಮೇಲೆ ಕಾಲು ಇಟ್ಟುಕೊಂಡೇ ಕೂರುವ ಚಟ ಇನ್ನೊಂದು ಕಾರಣ: ಪೆಡಲ್ ಪೂರ್ತಿ ಮೇಲೆ ಬಂದಿದೆ ಎಂದು ಸ್ವಿಚ್ ಹೇಳುವ ತನಕ ಕಂಪ್ಯೂಟರ್ ಕಾಯುತ್ತದೆ.

ಆದ್ದರಿಂದ ಪರೀಕ್ಷೆಗೆ ಒಂದು ತಂಪಾದ ಬೆಳಿಗ್ಗೆ ಆರಿಸಿ. ಇಪ್ಪತ್ತು ನಿಮಿಷ ಓಡಿಸಿ, ಎಸಿ ಬಂದ್ ಮಾಡಿ, ಸಮತಟ್ಟು ರಸ್ತೆಯಲ್ಲಿ ನಿಲ್ಲಿಸಿ. 'A' ಅಕ್ಷರದ ಸುತ್ತ ಗುಂಡಗೆ ಬಾಣವಿರುವ ಗುಂಡಿಯಿಂದ ವ್ಯವಸ್ಥೆಯನ್ನು ಆಫ್ ಮಾಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಗಲೂ ಎಂಜಿನ್ ನಿಲ್ಲದಿದ್ದರೆ ಮೀಟರ್ ತೆಗೆಯಿರಿ.

ಅಳೆಯುವ ಬಗೆ

ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಡಿ. ಬಾನೆಟ್ ಲಿವರ್ ಎಳೆದು ಬಾನೆಟ್ ಎತ್ತಿ, ಬಾಗಿಲು ಹಾಕಿ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಇನ್ನೂ ಒಳ್ಳೆಯದೆಂದರೆ ರಾತ್ರಿಯಿಡೀ ನಿಂತ ಗಾಡಿಯನ್ನು ಹೀಗೆ ನೋಡುವುದು. ಬಾಗಿಲು ತೆಗೆದ ಕೂಡಲೇ ಒಳಗಿನ ಕಂಪ್ಯೂಟರುಗಳು ಎದ್ದು ಕರೆಂಟ್ ಎಳೆಯುವುದರಿಂದ ಆ ಹೊತ್ತಿನ ರೀಡಿಂಗ್ ನಂಬಲಾಗದು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಪ್ಲಸ್, ಮೈನಸ್ ಕಂಬಗಳಿಗೆ ಹಿಡಿದಾಗ 12.6ರಿಂದ 12.8 ಬಂದರೆ ಚಾರ್ಜ್ ತುಂಬಿದೆ. 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ. ಸ್ಟಾಪ್-ಸ್ಟಾರ್ಟ್ ಹೆಚ್ಚಾಗಿ ಹಿಂಜರಿಯುವುದು ಆ ಮುಕ್ಕಾಲಿನ ಆಸುಪಾಸಿನಲ್ಲಿ. ಹೀಗಾಗಿ ಸೆಲ್ಫ್ ಗಟ್ಟಿಯಾಗಿ ಹೊಡೆಯುತ್ತಿದ್ದರೂ ಇದು ಮಾತ್ರ ಕೆಲಸ ಮಾಡದಿರಬಹುದು.

ಇನ್ನೊಬ್ಬರಿಗೆ ಗಾಡಿ ಚಾಲೂ ಮಾಡಲು ಹೇಳಿ, ನೀವು ಮೀಟರ್ ನೋಡುತ್ತಿರಿ. ಕ್ಷಣಕಾಲ ವೋಲ್ಟೇಜ್ ಕುಸಿಯುತ್ತದೆ. ಚಾರ್ಜ್ ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಜಾರಿದರೆ ಅದರ ಕಸುವು ಮುಗಿದಿದೆ. ಮುಂದೆ ಹೆಡ್‌ಲೈಟ್, ಬ್ಲೋವರ್ ಹಾಕಿ ಎಂಜಿನ್ ಓಡುವಾಗ ಅಳೆಯಿರಿ: 13.5ರಿಂದ 14.7ರ ಒಳಗೆ ಇರಬೇಕು. ಲೋಡ್ ಇಲ್ಲದೆ ಅಳೆದು 12.8 ಬಂತೆಂದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಲು ಹೋಗಬೇಡಿ. ಈಗಿನ ಗಾಡಿಗಳು ಪೆಟ್ರೋಲ್ ಉಳಿಸಲು ಬೇಕೆಂದೇ ಚಾರ್ಜಿಂಗ್ ಇಳಿಸುತ್ತವೆ.

ಎಲ್ಲಾ ಸರಿಯಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ಅರ್ಥಿಂಗ್, ಅಂದರೆ ಎಂಜಿನ್ನನ್ನು ಬಾಡಿಗೆ, ಬ್ಯಾಟರಿಯ ಮೈನಸ್‌ಗೆ ಜೋಡಿಸುವ ಪಟ್ಟಿ ನೋಡಿ. ಮೀಟರಿನ ಒಂದು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್ ದಾಟಿದರೆ ಆ ಪಟ್ಟಿ ಅಥವಾ ಅದರ ಬೋಲ್ಟಿಗೆ ಜಂಗು ಹಿಡಿದಿದೆ. ಬೆಳಗಾವಿಯ ಮಳೆಗಾಲ ಕಂಡ ಗಾಡಿಗಳಲ್ಲಿ ಇದನ್ನು ಬಿಡದೆ ನೋಡಿ.

ಬ್ಯಾಟರಿ ಇಳಿಯಲು ಕಾರಣ ನಮ್ಮ ಓಡಾಟದಲ್ಲೇ ಇದೆ. ಬಾಗಲಕೋಟೆಯ ನವನಗರದೊಳಗೆ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮಾರ್ಕೆಟ್ಟಿಗೆ ಮೂರು ಮೂರು ಕಿಲೋಮೀಟರ್ ಓಡಿದರೆ ಸೆಲ್ಫ್ ಎಳೆದ ಚಾರ್ಜ್ ಮರಳಿ ತುಂಬುವುದೇ ಇಲ್ಲ. ಮೇಲೆ ಬಿಸಿಲು: ಕಾವು 10 ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಬ್ಯಾಟರಿ ಬಲ್ಲವರ ಹಳೆಯ ಲೆಕ್ಕ. ವಾರಕ್ಕೊಮ್ಮೆ ತಡೆಯಿಲ್ಲದೆ ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಅದಾಗದಿದ್ದರೆ ಮನೆಯಲ್ಲೇ ಚಾರ್ಜರ್ ಹಾಕಿ: 55 ಆಂಪಿಯರ್-ಅವರ್ ಬ್ಯಾಟರಿಗೆ 5 ಆಂಪಿಯರ್ ಸಾಕು, ಅರ್ಧ ಇಳಿದಿದ್ದರೆ ಆರೇಳು ಗಂಟೆ. ಪ್ಲಸ್ ಕ್ಲಿಪ್ ಬ್ಯಾಟರಿಗೇ ಇರಲಿ. ಮೈನಸ್ ಕ್ಲಿಪ್ ಮಾತ್ರ ಬಾಡಿಯ ಅಥವಾ ಎಂಜಿನ್ನಿನ ಗಟ್ಟಿ ಲೋಹಕ್ಕೆ. ಕಾರಣ, ಮೈನಸ್ ಕಂಬದ ಮೇಲೆ ಕೂತಿರುವ ಪುಟ್ಟ ಕಪ್ಪು ಡಬ್ಬಿ, ತೆಳು ವೈರಿನ ಪ್ಲಗ್ ಇರುವಂಥದ್ದು, ಬ್ಯಾಟರಿ ಸೆನ್ಸರ್. ಒಳಗೆ ಹೋಗುವ, ಹೊರಗೆ ಬರುವ ಕರೆಂಟನ್ನೆಲ್ಲ ಲೆಕ್ಕ ಇಡುವುದು ಅದೇ. ಕ್ಲಿಪ್ಪನ್ನು ನೇರ ಕಂಬಕ್ಕೆ ಹಾಕಿದರೆ ತುಂಬಿದ ಚಾರ್ಜ್ ಅದರ ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಟರಿ ತುಂಬಿದ್ದರೂ ಖಾಲಿ ಎಂದೇ ಅದು ಹೇಳುತ್ತಿರುತ್ತದೆ. ಜಂಪ್ ಸ್ಟಾರ್ಟಿಗೂ ಇದೇ ನಿಯಮ.

ಬದಲಿಸುವಾಗ

ಅಗ್ಗದ ಸಾದಾ ಬ್ಯಾಟರಿ ಈ ಗಾಡಿಗೆ ಸಲ್ಲದು. ದಿನಕ್ಕೆ ಹತ್ತಾರು ಸಲ ಸೆಲ್ಫ್ ಎಳೆದು ಮತ್ತೆ ತುಂಬುವ ಕೆಲಸಕ್ಕೆ ಅದರ ಪ್ಲೇಟುಗಳು ತಯಾರಾಗಿಲ್ಲ, ಬೇಗನೆ ಕಸುವು ಕಳೆದುಕೊಳ್ಳುತ್ತವೆ. ಸ್ಟಾಪ್-ಸ್ಟಾರ್ಟಿಗೆಂದೇ ಮಾಡಿದ ಬ್ಯಾಟರಿಗಳಲ್ಲಿ ಇಎಫ್‌ಬಿ, ಎಜಿಎಂ ಎಂಬ ಎರಡು ಬಗೆ. ಹಳೆಯದರ ಮೇಲೆ ಇಎಫ್‌ಬಿ ಎಂದಿದ್ದರೆ ಇಎಫ್‌ಬಿಯನ್ನೇ, ಎಜಿಎಂ ಎಂದಿದ್ದರೆ ಎಜಿಎಂಅನ್ನೇ ತನ್ನಿ. ಎಜಿಎಂ ಇದ್ದಲ್ಲಿ ಇಎಫ್‌ಬಿ ಕೂರಿಸಬೇಡಿ. ಎನ್-55, ಎಂ-42 ಇಂಥ ಸಂಕೇತದಲ್ಲಿ ಅಕ್ಷರ ಡಬ್ಬಿಯ ಅಳತೆ, ಅಂಕಿ ಅದರ ಕಸುವಿನ ದರ್ಜೆ, ಆಂಪಿಯರ್-ಅವರ್ ಅಲ್ಲ. ಕೊನೆಯಲ್ಲಿ ಆರ್ ಇದೆಯೋ ಇಲ್ಲವೋ ಎಂಬುದೂ ಹೊಂದಬೇಕು, ಇಲ್ಲವಾದರೆ ಟರ್ಮಿನಲ್‌ಗಳು ಅದಲುಬದಲಾಗಿ ಕೇಬಲ್ ಮುಟ್ಟುವುದಿಲ್ಲ. ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಹಚ್ಚಿ, 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೇಳಿ.

ಬಿಚ್ಚುವುದಕ್ಕೆ ಹೆಚ್ಚಿನ ಗಾಡಿಗಳಲ್ಲಿ 10ರ ಪಾನಾ ಬೇಕು. ಮೊದಲು ಮೈನಸ್, ಆಮೇಲೆ ಪ್ಲಸ್; ಜೋಡಿಸುವಾಗ ತಿರುವುಮುರುವು. ಮೈನಸ್ ಕ್ಲಾಂಪ್ ಜಾಮ್ ಆಗಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಎಬ್ಬಿದ ಬಲ ಬೀಳುವುದು ಸೆನ್ಸರಿನ ಮೇಲೆ, ಒಳಗೆ ಸಣ್ಣ ಬಿರುಕು ಬಿಟ್ಟರೆ ಹೊರಗಿನಿಂದ ಕಾಣುವುದೂ ಇಲ್ಲ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೋಲ್ಟ್ ಪೂರ್ತಿ ಸಡಿಲಿಸಿ, ಕ್ಲಾಂಪನ್ನು ಕೈಯಿಂದ ಅಲುಗಾಡಿಸಿ ಮೇಲಕ್ಕೆತ್ತಿ.

ಸೀಟಿನಡಿ ಪುಟ್ಟ ಲಿಥಿಯಂ ಬ್ಯಾಟರಿ ಇರುವ ಮೈಲ್ಡ್ ಹೈಬ್ರಿಡ್ ಗಾಡಿಗಳಿವೆ, ಅದಕ್ಕೆ ಕೈ ಹಾಕಬೇಡಿ. ಅವುಗಳಲ್ಲಿ ಎಂಜಿನ್ನನ್ನು ಮತ್ತೆ ಚಾಲೂ ಮಾಡುವುದು ಬೆಲ್ಟ್ ಆದ್ದರಿಂದ ಕೀಚು ಸದ್ದು ಬಂದರೆ ಬೆಲ್ಟಿನ ಬಿರುಕು ಮತ್ತು ಅದನ್ನು ಬಿಗಿಯಾಗಿಡುವ ಟೆನ್ಷನರ್ ನೋಡಿಸಿ.

ಒಂದೆರಡು ಕಡೆ ನೀವೇ ಗುಂಡಿ ಒತ್ತಿ ಇದನ್ನು ಆಫ್ ಮಾಡುವುದು ಮೇಲು. ರಸ್ತೆಯ ಮೇಲೆ ನಿಂತ ಮಳೆನೀರಿಗೆ ಇಳಿಯುವ ಮೊದಲು: ನಡುನೀರಲ್ಲಿ ಎಂಜಿನ್ ನಿಂತರೆ ಸೈಲೆನ್ಸರಿನಿಂದ ನೀರು ನುಗ್ಗಬಹುದು. ಕಬ್ಬಿನ ಸೀಸನ್ನಿನಲ್ಲಿ ಟ್ರೈಲರ್‌ಗಳ ಹಿಂದೆ ಅಡಿ ಅಡಿ ಸರಿಯುವಾಗಲೂ ಅಷ್ಟೇ. ಎರಡು ಮೂರು ಸೆಕೆಂಡಿನ ನಿಲುಗಡೆಯಲ್ಲಿ ಉಳಿತಾಯವೇನೂ ಇಲ್ಲ. ಎಂಜಿನ್ ತಾನೇ ಬಂದ್ ಆಗಿರುವಾಗ ಇಗ್ನಿಷನ್ ಆಫ್ ಮಾಡದೆ ಇಳಿಯಬೇಡಿ, ಬಾನೆಟ್ ತೆಗೆಯಲೇಬೇಡಿ.

ಹೊಸ ಬ್ಯಾಟರಿ ಹಾಕಿದ ದಿನವೇ ಎಂಜಿನ್ ನಿಲ್ಲದಿದ್ದರೆ ಗಾಬರಿ ಬೇಡ. ಕೆಲವು ಗಾಡಿಗಳಿಗೆ ಸ್ಕ್ಯಾನರ್ ಹಚ್ಚಿ ಬ್ಯಾಟರಿ ಬದಲಾಗಿದೆ ಎಂದು ತಿಳಿಸಬೇಕು. ಉಳಿದವುಗಳನ್ನು ಲಾಕ್ ಮಾಡಿ ರಾತ್ರಿಯಿಡೀ ಮುಟ್ಟದೆ ಬಿಡಿ. ಸೆನ್ಸರ್ ತನ್ನ ಲೆಕ್ಕ ಹೊಸದಾಗಿ ಕಟ್ಟಿಕೊಳ್ಳಲು ಕೆಲವು ಗಂಟೆಗಳ ನಿದ್ದೆ ಬೇಕು.