ಕಪ್ಪತಗುಡ್ಡದ ಅಧ್ಯಯನ ತಾಕಿಗೆ ಬೆಂಕಿ ರೇಖೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಇಳಿಜಾರಿನಲ್ಲಿ ಮರಗಳ ಬೆಳವಣಿಗೆ ಅಳೆಯಲು ನಾವು ಗುರುತು ಮಾಡಿಕೊಂಡದ್ದು 100 ಮೀಟರ್ ಉದ್ದಗಲದ ಒಂದು ತಾಕು. ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆದು, ಅಲ್ಲೇ ಬಣ್ಣದ ಗೆರೆ ಎಳೆಯುತ್ತೇವೆ. ಬೆಂಕಿ ನುಗ್ಗಿದರೆ ಸುಟ್ಟ ತೊಗಟೆ ಚಕ್ಕೆಚಕ್ಕೆಯಾಗಿ ಉದುರುತ್ತದೆ, ಗೆರೆಯೂ ಅದರ ಜೊತೆಗೇ ಹೋಗುತ್ತದೆ. ಮುಂದಿನ ಸಲ ಟೇಪು ಸುತ್ತಿದಾಗ ಮರ ಸಣ್ಣದಾದಂತೆ ಲೆಕ್ಕ ಬರುತ್ತದೆ. ಹಾಗಾಗಿ ಅಳತೆಗಿಂತ ಮೊದಲು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ.

ತಾಕಿನ ಹೊರಗೆ ಸುತ್ತಲೂ 6 ಮೀಟರ್ ಅಗಲ ಬಿಡುತ್ತೇವೆ. ಒಟ್ಟು 2,544 ಚದರ ಮೀಟರ್ ಹುಲ್ಲು ಕೊಯ್ಯಬೇಕು. ಕೊಯ್ಯುವುದು ಡಿಸೆಂಬರ್ ಕೊನೆಗೆ, ಹುಲ್ಲಿನ ಬೀಜ ಉದುರಿದ ಮೇಲೆ. ಕೊಯ್ದದ್ದನ್ನು ಅಂಚಿಗೆ ರಾಶಿ ಹಾಕಬಾರದು. ಅಲ್ಲಿಂದಲೇ ಕಿಡಿ ಒಳಕ್ಕೆ ಹಾರುತ್ತದೆ. ಬಹುಪಾಲು ಹುಲ್ಲನ್ನು ಕುರಿಗಾಹಿಗಳು ಹೊತ್ತೊಯ್ಯುತ್ತಾರೆ, ಉಳಿದ ಕೂಳೆಯನ್ನಷ್ಟೇ ಸುಡುತ್ತೇವೆ.

ಈ ಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಮತ್ತು ಗಾರ್ಡ್ ಎರಡೂ ಇಲ್ಲದೆ ಕಡ್ಡಿ ಗೀರುವುದಿಲ್ಲ. ಸುಡುವುದು ಬೆಳಗಿನ ಜಾವ, ಇಬ್ಬನಿ ಆರುವ ಮುಂಚೆ. ಬೆಂಕಿ ಏರು ಹತ್ತುವಾಗ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಕೊಂಡು ಓಡುತ್ತದೆ. ಆದ್ದರಿಂದ ಯಾವಾಗಲೂ ಮೇಲಿನ ಅಂಚಿನಿಂದ ಹಚ್ಚಿ, ನಿಧಾನವಾಗಿ ಕೆಳಕ್ಕೆ ಇಳಿಸಬೇಕು. ಗಾಳಿ ಎದ್ದರೆ ಅವತ್ತಿನ ಕೆಲಸ ಬಂದ್. ಬಡಿದು ಆರಿಸಲು ಬೇವಿನ ಹಸಿ ಟೊಂಗೆ ಒಳ್ಳೆಯದು. ಕೈಗೆ ಸುಲಭಕ್ಕೆ ಸಿಗುವ ಬಂದರಿಕೆ ಗಿಡದ ಟೊಂಗೆ ಮಾತ್ರ ಬೇಡ. ಅದರ ಎಲೆಯಲ್ಲಿ ಅಂಟು ಇದೆ, ಹಸಿಯಿದ್ದರೂ ಹೊತ್ತಿಕೊಳ್ಳುತ್ತದೆ. ಬೆನ್ನಿಗೆ ಹಾಕುವ ಸ್ಪ್ರೇ ಪಂಪು ಎರಡಾದರೂ ಇರಲಿ.

ಎಲ್ಲಕ್ಕಿಂತ ಮೋಸ ಮಾಡುವುದು ಒಣ ಸಗಣಿ ಮತ್ತು ಬಿದ್ದ ಕೊರಡು. ಹೊರಗೆ ಬೂದಿ, ಒಳಗೆ ಕೆಂಡ. ಮಧ್ಯಾಹ್ನ ಗಾಳಿ ಬೀಸಿದಾಗ ಅದೇ ಕೆಂಡ ರೇಖೆ ದಾಟುತ್ತದೆ. ಒಂದೊಂದನ್ನೂ ಮಗುಚಿ, ನೀರು ಹೊಯ್ದು, ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದು ಕಾವು ನೋಡಿ. ಸಂಜೆಗೆ ಇನ್ನೊಂದು ಸುತ್ತು.

ಸಲಿಕೆಯಿಂದ ಬೇರು ಸಮೇತ ಕೆತ್ತಿ ರೇಖೆ ಚೊಕ್ಕ ಮಾಡುವ ಆಸೆ ಬೇಡ. ಬೇರು ಹೋದರೆ ಮುಂಗಾರಿನ ಮೊದಲ ಜೋರು ಮಳೆಗೇ ಇಳಿಜಾರಿನ ರೇಖೆ ಕೊರಕಲಾಗುತ್ತದೆ. ಇಳಿಯುವ ಭಾಗದಲ್ಲಿ ಪ್ರತಿ 10 ಮೀಟರಿಗೆ ಓರೆಯಾಗಿ ಕಲ್ಲಿನ ಸಾಲು ಇಟ್ಟು ನೀರನ್ನು ಪಕ್ಕಕ್ಕೆ ತಿರುಗಿಸುತ್ತೇವೆ.

ಫೆಬ್ರುವರಿಯಲ್ಲಿ ದಿಂಡಲ ಮರ ಎಲೆ ಉದುರಿಸಿ ರೇಖೆಯನ್ನು ಮತ್ತೆ ಮುಚ್ಚುತ್ತದೆ. ಆಗಿನಿಂದ ಮೊದಲ ಮಳೆವರೆಗೆ ಹದಿನೈದು ದಿನಕ್ಕೊಮ್ಮೆ ಪೊರಕೆ ಹಿಡಿದು ಗುಡಿಸುತ್ತೇವೆ.